ನೀಲಿ ಗ್ರಂಥಿಯ ಜಾಡು

1974ರ ಸೆಪ್ಟೆಂಬರ್ 28ರಂದು ಅಮೆರಿಕದ ಅಧ್ಯಕ್ಷರ ಪತ್ನಿ ಬೆಟ್ಟಿ ಫೋರ್ಡ್ ಅವರಿಗೆ ಬೆಥೆಸ್ಡಾದ ನೌಕಾಪಡೆ ಆಸ್ಪತ್ರೆಯಲ್ಲಿ ಆಪರೇಷನ್ ಆಯಿತು. ಸ್ತನದಲ್ಲಿ ಗಂಟೊಂದು ಕೈಗೆ ಸಿಕ್ಕಿತ್ತು. ಅರಿವಳಿಕೆ ಕೊಡುವಾಗ ಅದು ಕ್ಯಾನ್ಸರೋ ಅಲ್ಲವೋ ಯಾರಿಗೂ ಖಚಿತವಿರಲಿಲ್ಲ. ಅವರಿಗೆ ಎಚ್ಚರವಾಗುವಷ್ಟರಲ್ಲಿ ಒಂದು ಸ್ತನ, ಅದರಡಿಯ ಎದೆಯ ಸ್ನಾಯು, ಕಂಕುಳಿನ ಗ್ರಂಥಿಗಳು ಎಲ್ಲವನ್ನೂ ತೆಗೆದಾಗಿತ್ತು. ಆಗಿನ ಪದ್ಧತಿಯೇ ಹಾಗೆ. ಗಂಟಿನ ಚೂರನ್ನು ಸೂಕ್ಷ್ಮದರ್ಶಕದಲ್ಲಿ ನೋಡುವುದು, ಕ್ಯಾನ್ಸರ್ ಎಂದು ಗೊತ್ತಾದರೆ ರೋಗಿಯನ್ನು ಎಬ್ಬಿಸದೆ ಅದೇ ಅರಿವಳಿಕೆಯಲ್ಲಿ ಮುಂದಿನದನ್ನೆಲ್ಲ ಮುಗಿಸುವುದು.

ಎರಡು ದಿನ ಬಿಟ್ಟು ಅದೇ ಬೆಥೆಸ್ಡಾದಲ್ಲಿ, ಆಸ್ಪತ್ರೆಯಿಂದ ರಸ್ತೆ ದಾಟಿದರೆ ಸಿಗುವ ರಾಷ್ಟ್ರೀಯ ಆರೋಗ್ಯ ಸಂಸ್ಥೆಯಲ್ಲಿ, ಪಿಟ್ಸ್‌ಬರ್ಗಿನ ಸರ್ಜನ್ ಬರ್ನಾರ್ಡ್ ಫಿಶರ್ ತಮ್ಮ ಅಧ್ಯಯನವೊಂದರ ಮೊದಲ ಫಲಿತಾಂಶ ಓದಿದರು. ಸ್ತನವನ್ನಷ್ಟೇ ತೆಗೆದ ಮಹಿಳೆಯರಿಗೂ, ಸ್ನಾಯು-ಗ್ರಂಥಿ ಸಮೇತ ಎಲ್ಲ ತೆಗೆದವರಿಗೂ ಬದುಕುಳಿಯುವುದರಲ್ಲಿ ಅಂತರ ಕಾಣುತ್ತಿಲ್ಲ ಎಂಬುದು ಅದರ ಸಾರ. ಅಧ್ಯಕ್ಷರ ಪತ್ನಿಗೆ ಇನ್ನೂ ಹೊಲಿಗೆ ಬಿಚ್ಚಿರಲಿಲ್ಲ.

ಅವರಿಗೆ ಆದ ಶಸ್ತ್ರಕ್ರಿಯೆಗೆ ಆ ವೇಳೆಗೆ ಎಂಬತ್ತು ವರ್ಷ ವಯಸ್ಸಾಗಿತ್ತು. ಬಾಲ್ಟಿಮೋರಿನ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯ ವಿಲಿಯಂ ಹಾಲ್‌ಸ್ಟೆಡ್ 1894ರಲ್ಲಿ 50 ರೋಗಿಗಳ ವಿವರದೊಂದಿಗೆ ಅದನ್ನು ಪ್ರಕಟಿಸಿದ್ದರು. ಕ್ಯಾನ್ಸರ್ ಹುಟ್ಟಿದ ಜಾಗದಿಂದ ದುಗ್ಧನಾಳಗಳ ಮೂಲಕ ಅಂಗುಲ ಅಂಗುಲವಾಗಿ ಹೊರಕ್ಕೆ ಹರಡುತ್ತದೆ, ಗ್ರಂಥಿಗಳು ಅದನ್ನು ಕೆಲಕಾಲ ತಡೆಯುತ್ತವೆ, ಆದ್ದರಿಂದ ಗಡ್ಡೆ, ನಾಳ, ಗ್ರಂಥಿ ಮೂರನ್ನೂ ಒಂದೇ ತುಂಡಾಗಿ ತೆಗೆದರೆ ರೋಗ ಬುಡಸಮೇತ ಹೋಗುತ್ತದೆ ಎಂಬುದು ಅವರ ನಂಬಿಕೆ. ಗ್ರಂಥಿ ಸೋಸುವ ಜರಡಿ ಎಂಬ ವಿಚಾರ ಜರ್ಮನಿಯ ರುಡಾಲ್ಫ್ ವಿರ್ಖೋವ್ ಅವರಿಂದ ಬಂದದ್ದು. ಹಾಲ್‌ಸ್ಟೆಡ್‌ರನ್ನು ಇಂದು ಕಟುಕನೆಂಬಂತೆ ಚಿತ್ರಿಸುವವರಿದ್ದಾರೆ. ನನಗದು ಒಪ್ಪಿಗೆಯಿಲ್ಲ. ಅವರ ಬಳಿ ಬರುತ್ತಿದ್ದ ಹೆಂಗಸರ ಗಡ್ಡೆ ಇಂದಿನಂತೆ ಮ್ಯಾಮೊಗ್ರಾಮಿನಲ್ಲಿ ಕಾಣುವ ಚುಕ್ಕೆಯಾಗಿರಲಿಲ್ಲ. ಅದು ಚರ್ಮ ಒಡೆದು ಹುಣ್ಣಾಗುವ ಹಂತ ತಲುಪಿರುತ್ತಿತ್ತು. ಬೇರೆಯವರು ಆಪರೇಷನ್ ಮಾಡಿದರೆ ಅರ್ಧಕ್ಕಿಂತ ಹೆಚ್ಚು ಮಂದಿಗೆ ಅದೇ ಜಾಗದಲ್ಲಿ ರೋಗ ಮರುಕಳಿಸುತ್ತಿತ್ತು. ಹಾಲ್‌ಸ್ಟೆಡ್ ತಮ್ಮ ಲೆಕ್ಕ ನೂರಕ್ಕೆ 6 ಎಂದು ಬರೆದರು. ಕೈ ನಡೆಯುತ್ತಿತ್ತು, ಸಿದ್ಧಾಂತ ತಪ್ಪಾಗಿತ್ತು. ಅಂಥ ಸಿದ್ಧಾಂತಕ್ಕೆ ಆಯಸ್ಸು ಹೆಚ್ಚು.

ಅದರ ಬೆಲೆಯೂ ಅವರಿಗೆ ಗೊತ್ತಿತ್ತು. ಸಾಯುವ ಮುನ್ನಿನ ವರ್ಷ, 1921ರಲ್ಲಿ, ಅವರು ಬರೆದ ಒಂದು ಲೇಖನದ ವಿಷಯ ಆಪರೇಷನ್ ನಂತರ ಬಾತುಕೊಳ್ಳುವ ತೋಳು. ಅದಕ್ಕೆ ಅವರು ಸರ್ಜನ್ನನ ಕತ್ತಿ ತರುವ ಆನೆಕಾಲು ರೋಗ ಎಂಬರ್ಥದ ಹೆಸರಿಟ್ಟರು. ಕಂಕುಳಿನಲ್ಲಿ ಇಪ್ಪತ್ತು ಮೂವತ್ತು ದುಗ್ಧಗ್ರಂಥಿಗಳು ಕೊಬ್ಬಿನೊಳಗೆ ಹುದುಗಿರುತ್ತವೆ. ತೋಳಿನಿಂದ ಬರುವ ದುಗ್ಧರಸಕ್ಕೂ ಅದೇ ದಾರಿ. ಎಲ್ಲವನ್ನೂ ಕೆರೆದು ತೆಗೆದರೆ ತೋಳಿನ ರಸಕ್ಕೆ ಹೊರದಾರಿ ಕಿರಿದಾಗುತ್ತದೆ. ಕೆಲವರಿಗೆ ತಿಂಗಳಲ್ಲಿ, ಕೆಲವರಿಗೆ ಹತ್ತು ವರ್ಷದ ಮೇಲೆ, ತೋಳು ಊದಲು ಶುರುವಾಗುತ್ತದೆ. ಬಳೆ ಏರುವುದಿಲ್ಲ, ರವಿಕೆಯ ತೋಳು ಹಿಡಿಯುತ್ತದೆ, ಸಣ್ಣ ಗೀರಿಗೂ ಕೀವು. ಜೊತೆಗೆ ತೋಳಿನ ಒಳಮೈ ಜೋಮು, ಭುಜ ಮೇಲೇಳದಿರುವುದು.

ಫಿಶರ್ ಅವರ ಅಧ್ಯಯನ ಪೂರ್ತಿಯಾದಾಗ ಅದರಲ್ಲೊಂದು ವಿಚಿತ್ರ ಲೆಕ್ಕ ಕಂಡಿತು. ಕೈಯಿಂದ ಮುಟ್ಟಿದಾಗ ಕಂಕುಳು ಶುದ್ಧವೆನಿಸಿದ 1,079 ಮಹಿಳೆಯರು ಅದರ ಒಂದು ಭಾಗದಲ್ಲಿದ್ದರು. ಗ್ರಂಥಿಗಳನ್ನು ಪೂರ್ತಿ ತೆಗೆದ ಗುಂಪಿನಲ್ಲಿ ಸುಮಾರು 40 ಶೇಕಡ ಮಂದಿಯ ಗ್ರಂಥಿಗಳಲ್ಲಿ ಗುಪ್ತವಾಗಿ ಕ್ಯಾನ್ಸರ್ ಇತ್ತು. ಚೀಟಿ ಎತ್ತಿದಂತೆ ಗುಂಪು ಮಾಡಿದ್ದರಿಂದ, ಕಂಕುಳನ್ನು ಮುಟ್ಟದೆ ಬಿಟ್ಟ ಗುಂಪಿನಲ್ಲೂ ಅಷ್ಟೇ ಮಂದಿಗೆ ಇದ್ದಿರಬೇಕು. ಆದರೆ ಮುಂದೆ ಅವರಲ್ಲಿ ಕಂಕುಳಿನ ಗ್ರಂಥಿ ಕ್ಯಾನ್ಸರ್ ಆಗಿ ಬೆಳೆದದ್ದು 20 ಶೇಕಡಕ್ಕಿಂತ ಕಡಿಮೆ ಮಂದಿಗೆ. 25 ವರ್ಷಗಳ ನಂತರವೂ ಬದುಕುಳಿದವರ ಪ್ರಮಾಣದಲ್ಲಿ ಗುಂಪುಗಳ ನಡುವೆ ವ್ಯತ್ಯಾಸ ಬರಲಿಲ್ಲ. ಗ್ರಂಥಿಯಲ್ಲಿ ಸಿಗುವ ಕ್ಯಾನ್ಸರ್ ರೋಗದ ಸ್ವಭಾವ ತಿಳಿಸುತ್ತದೆ, ಅದು ರೋಗ ಹಬ್ಬಿಸುವ ಠಾಣೆಯಲ್ಲ ಎಂದು ಫಿಶರ್ ವಾದಿಸಿದರು.

ಇಷ್ಟಾದ ಮೇಲೆ ಸರ್ಜನ್ನರು ಕಂಕುಳಿನಿಂದ ಕೈ ತೆಗೆಯಬೇಕಿತ್ತು. ತೆಗೆಯಲಿಲ್ಲ. 1976ರಲ್ಲಿ ಮಿಲಾನಿನ ಜಾನ್ನಿ ಬೊನಾಡೊನ್ನ ಅವರು, ಗ್ರಂಥಿಯಲ್ಲಿ ಕ್ಯಾನ್ಸರ್ ಇದ್ದವರಿಗೆ ಆಪರೇಷನ್ ಆದ ಮೇಲೆ ಮೂರು ಔಷಧಿಗಳ ಕೀಮೊಥೆರಪಿ ಕೊಟ್ಟರೆ ರೋಗ ಮರುಕಳಿಸುವುದು ಕಡಿಮೆಯಾಗುತ್ತದೆ ಎಂದು ತೋರಿಸಿದರು. ಆಗ ಗ್ರಂಥಿಗಳಿಗೆ ಹೊಸ ಬೆಲೆ ಬಂತು. ಯಾರಿಗೆ ಕೀಮೊ ಕೊಡಬೇಕೆಂದು ತಿಳಿಯಲು ಗ್ರಂಥಿ ನೋಡಲೇಬೇಕು, ನೋಡಲು ತೆಗೆಯಲೇಬೇಕು. ಗುಣಪಡಿಸಲೆಂದು ಹುಟ್ಟಿದ ಶಸ್ತ್ರಕ್ರಿಯೆ ಈಗ ಸುದ್ದಿ ತರುವ ಕೆಲಸಕ್ಕೆ ನಿಂತಿತು. ಆರಂಭಿಕ ಹಂತದ ರೋಗಿಗಳಲ್ಲಿ ಬಹುಪಾಲು ಜನರಿಗೆ ಆ ಸುದ್ದಿ ‘ಏನೂ ಇಲ್ಲ’ ಎಂಬುದು. ಅಷ್ಟನ್ನು ಕೇಳಲು ಅವರು ತೋಳಿನ ನೆಮ್ಮದಿ ತೆರಬೇಕಾಗಿತ್ತು.

ಇದಕ್ಕೆ ದಾರಿ ತೋರಿಸಿದ್ದು ಸ್ತನದ ವೈದ್ಯರಲ್ಲ, ಚರ್ಮದ ಕಪ್ಪು ಕ್ಯಾನ್ಸರಾದ ಮೆಲನೋಮದ ವೈದ್ಯರು. ಅವರ ಜಗಳ ಇನ್ನೂ ಹಳೆಯದು. 1892ರಲ್ಲೇ ಲಂಡನ್ನಿನ ಹರ್ಬರ್ಟ್ ಸ್ನೋ, ಗ್ರಂಥಿ ಊದುವವರೆಗೆ ಕಾಯಬೇಡಿ, ಮುಂಚಿತವಾಗಿ ತೆಗೆಯಿರಿ ಎಂದಿದ್ದರು. 1977ರಲ್ಲಿ ಉಂಬೆರ್ಟೊ ವೆರೊನೇಸಿ ವಿಶ್ವ ಆರೋಗ್ಯ ಸಂಸ್ಥೆಯ ಅಧ್ಯಯನದಿಂದ, ಕೈಕಾಲಿನ ಮೆಲನೋಮದಲ್ಲಿ ಹಾಗೆ ಮುಂಚೆ ತೆಗೆದು ಲಾಭವಿಲ್ಲ ಎಂದು ತೋರಿಸಿದರು. ಮಧ್ಯಮ ದಪ್ಪದ ಮೆಲನೋಮ ಇರುವ ಐವರಲ್ಲಿ ಒಬ್ಬರಿಗಷ್ಟೇ ಗ್ರಂಥಿಗೆ ರೋಗ ಹೋಗಿರುತ್ತದೆ. ಆ ಒಬ್ಬರನ್ನು ಗುರುತಿಸಲಾಗದೆ ಐವರಿಗೂ ಕತ್ತಿ ಹಾಕುವುದೇ, ಐವರನ್ನೂ ಬಿಡುವುದೇ? ಸಮ್ಮೇಳನಗಳಲ್ಲಿ ಎರಡು ಪಂಗಡಗಳಾಗಿ ಇದನ್ನೇ ಕಾದಾಡುತ್ತಿದ್ದರು.

ಮೆಲನೋಮದವರಿಗೆ ಇನ್ನೊಂದು ತೊಡಕಿತ್ತು. ಕಾಲಿನ ಮಚ್ಚೆಯಾದರೆ ತೊಡೆಸಂದು, ಕೈಯದಾದರೆ ಕಂಕುಳು. ಬೆನ್ನಿನ ನಡುವೆ ಇದ್ದರೆ? ಹತ್ತೊಂಬತ್ತನೆಯ ಶತಮಾನದಲ್ಲಿ ಪ್ಯಾರಿಸಿನ ಸಾಪೇ ಎಂಬ ಅಂಗರಚನಾ ಪಂಡಿತ ಹೆಣಗಳ ದುಗ್ಧನಾಳಕ್ಕೆ ಪಾದರಸ ತುಂಬಿ ನಕ್ಷೆ ಬರೆದಿದ್ದ. ಹೊಕ್ಕುಳಿನ ಮಟ್ಟದಲ್ಲಿ ಅಡ್ಡಗೆರೆ, ನಡುಮೈಯಲ್ಲಿ ಉದ್ದಗೆರೆ, ನಾಲ್ಕು ಭಾಗ, ಪ್ರತಿ ಭಾಗಕ್ಕೂ ತನ್ನದೇ ಕಂಕುಳು ಅಥವಾ ತೊಡೆಸಂದು. ನೂರು ವರ್ಷ ಸರ್ಜನ್ನರು ಈ ಗೆರೆಗಳನ್ನು ನಂಬಿದರು. 1970ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಡೊನಾಲ್ಡ್ ಮಾರ್ಟನ್ ತಂಡ ಮಚ್ಚೆಯ ಸುತ್ತ ವಿಕಿರಣ ಸೂಸುವ ಚಿನ್ನದ ಕಣಗಳ ದ್ರಾವಣ ಚುಚ್ಚಿ, ರಸ ನಿಜಕ್ಕೂ ಎತ್ತ ಹರಿಯುತ್ತದೆಂದು ಚಿತ್ರ ತೆಗೆಯಿತು. ಜೀವಂತ ದೇಹ ಸಾಪೇ ಗೆರೆಗಳನ್ನು ಲೆಕ್ಕಕ್ಕಿಡಲಿಲ್ಲ. ಮುಂದೆ ಸಿಡ್ನಿಯ ರೋಜರ್ ಯುರೆನ್ ಮತ್ತು ಜಾನ್ ಥಾಂಪ್ಸನ್, ಬೆನ್ನಿನ ರಸ ಕೆಲವರಲ್ಲಿ ಕಂಕುಳಿನ ಹಿಂಬದಿಯ ಸ್ನಾಯುಗಳ ಸಂದಿನಲ್ಲಿ ಅಡಗಿದ, ಯಾರೂ ಹುಡುಕದ ಗ್ರಂಥಿಗೆ ಹೋಗುವುದನ್ನೂ ತೋರಿಸಿದರು.

ಮಾರ್ಟನ್ ಪಶ್ಚಿಮ ವರ್ಜೀನಿಯಾದ ಕಲ್ಲಿದ್ದಲು ಗಣಿ ಕಾರ್ಮಿಕನ ಮಗ. ಗ್ರಂಥಿಗಳ ಯಾವ ಗುಂಪಿಗೆ ರಸ ಹರಿಯುತ್ತದೆ ಎಂದು ಗೊತ್ತಾದ ಮೇಲೆ ಅವರ ಮುಂದಿನ ಪ್ರಶ್ನೆ ಸಹಜವಾಗಿತ್ತು. ಆ ಗುಂಪಿನಲ್ಲಿ ಮೊದಲ ಹನಿ ಬೀಳುವುದು ಯಾವ ಗ್ರಂಥಿಗೆ? ತೋಟಕ್ಕೆ ನೀರು ಬಿಟ್ಟಾಗ ಕಾಲುವೆ ಬಾಯಿಯ ಪಾತಿ ಮೊದಲು ತುಂಬಿ ಆಮೇಲೆ ಮುಂದಿನದಕ್ಕೆ ಹರಿಯುವ ಹಾಗೆ ಇಲ್ಲಿಯೂ ಒಂದು ಕ್ರಮವಿದ್ದರೆ, ಮೊದಲ ಗ್ರಂಥಿಯನ್ನು ಪರೀಕ್ಷಿಸಿದರೆ ಸಾಕು. ಅಲ್ಲಿ ಕ್ಯಾನ್ಸರ್ ಇಲ್ಲವೆಂದರೆ ಮುಂದೆಯೂ ಇಲ್ಲ.

ಈ ಯೋಚನೆ ಅವರೊಬ್ಬರದೇ ಅಲ್ಲ. 1951ರಲ್ಲಿ ವಾಷಿಂಗ್ಟನ್ನಿನ ಅರ್ನೆಸ್ಟ್ ಗೂಲ್ಡ್, ಕಿವಿಯ ಮುಂದಿನ ಲಾಲಾಗ್ರಂಥಿಯ ಗಡ್ಡೆ ತೆಗೆಯುವಾಗ ಮುಖದ ಎರಡು ಅಭಿಧಮನಿಗಳು ಕೂಡುವಲ್ಲಿ ಒಂದು ದುಗ್ಧಗ್ರಂಥಿ ಕಂಡು, ನೋಡಲು ಚೆನ್ನಾಗಿಯೇ ಇದ್ದ ಅದನ್ನು ಆ ಕ್ಷಣವೇ ಪರೀಕ್ಷೆಗೆ ಕಳಿಸಿದರು. ಒಳಗೆ ಕ್ಯಾನ್ಸರ್ ಇತ್ತು. ಕುತ್ತಿಗೆಯ ದೊಡ್ಡ ಆಪರೇಷನ್ ಬೇಕೋ ಬೇಡವೋ ಎಂದು ಈ ಗ್ರಂಥಿಯಿಂದ ನಿರ್ಧರಿಸಬಹುದು ಎಂದು ಅವರು 1960ರಲ್ಲಿ ಬರೆದರು. ಕಾವಲುಗಾರ ಎಂಬರ್ಥದ ಸೆಂಟಿನೆಲ್ ಎಂಬ ಹೆಸರು ಅವರ ಲೇಖನದ ತಲೆಬರಹದಲ್ಲೇ ಇದೆ. 1977ರಲ್ಲಿ ಪರಾಗ್ವೆಯ ರಾಮೋನ್ ಕಬಾನ್ಯಾಸ್ ಶಿಶ್ನದ ಕ್ಯಾನ್ಸರಿನಲ್ಲಿ ನಾಳಗಳಿಗೆ ಬಣ್ಣ ಹಾಕಿ ಎಕ್ಸ್‌ರೇ ತೆಗೆದು, ತೊಡೆಸಂದಿನ ಇಂಥ ಜಾಗದಲ್ಲೇ ಮೊದಲ ಗ್ರಂಥಿ ಇರುತ್ತದೆ ಎಂದರು. ಇಬ್ಬರೂ ಅದನ್ನು ಒಂದು ಸ್ಥಿರ ವಿಳಾಸ ಎಂದುಕೊಂಡರು. ಕಬಾನ್ಯಾಸ್ ಹೇಳಿದ ಜಾಗದಲ್ಲಿ ಬೇರೆ ಸರ್ಜನ್ನರು ಗ್ರಂಥಿ ತೆಗೆದು ‘ಶುದ್ಧ’ ಎಂದು ಮನೆಗೆ ಕಳಿಸಿದ ಕೆಲವರಿಗೆ ಪಕ್ಕದ ಗ್ರಂಥಿಯಲ್ಲಿ ರೋಗ ಎದ್ದಿತು. ಮೊದಲ ಗ್ರಂಥಿಯ ಜಾಗ ಆಳಿನಿಂದಾಳಿಗೆ, ಗಡ್ಡೆಯ ಜಾಗಕ್ಕೆ ತಕ್ಕಂತೆ ಬೇರೆ. ಪ್ರತಿಯೊಬ್ಬ ರೋಗಿಯಲ್ಲೂ ಹೊಸದಾಗಿ ಹುಡುಕಬೇಕು.

ಹುಡುಕುವ ಉಪಾಯ ಸಿಕ್ಕಿದ್ದು ಬೆಕ್ಕುಗಳಲ್ಲಿ. ಮಾರ್ಟನ್ ಅವರ ಜೊತೆ ಜಾನ್ ವಾಂಗ್, ಬೆಕ್ಕಿನ ಚರ್ಮಕ್ಕೆ ಬೇರೆ ಬೇರೆ ಬಣ್ಣದ ದ್ರವ ಚುಚ್ಚಿ, ಯಾವುದು ನಾಳದೊಳಗೆ ಬೇಗ ನುಗ್ಗಿ ಗ್ರಂಥಿಗೆ ಬಣ್ಣ ಹಿಡಿಸುತ್ತದೆ ಎಂದು ನೋಡಿದರು. ಐಸೊಸಲ್ಫಾನ್ ಬ್ಲೂ ಮತ್ತು ಪೇಟೆಂಟ್ ಬ್ಲೂ ಗೆದ್ದವು. ಆಮೇಲೆ, ಹೊಟ್ಟೆಯ ಕ್ಯಾನ್ಸರಿನಿಂದ ತೀರಿಕೊಂಡ ನಟ ಜಾನ್ ವೇಯ್ನ್ ಹೆಸರಿನ ಸಂಸ್ಥೆಯಲ್ಲಿ, ಮನುಷ್ಯರ ಮೇಲೆ ಕೆಲಸ ನಡೆಯಿತು. ಮಚ್ಚೆಯ ಸುತ್ತ ಚರ್ಮದೊಳಗೆ ನೀಲಿ ಚುಚ್ಚಿ ಕೆಲವು ನಿಮಿಷ ಬಿಟ್ಟು ಕಂಕುಳು ಅಥವಾ ತೊಡೆಸಂದು ತೆರೆದರೆ, ಹಳದಿ ಕೊಬ್ಬಿನ ನಡುವೆ ದಾರದಷ್ಟು ತೆಳು ನೀಲಿ ನಾಳ. ಅದನ್ನು ಹರಿಯದಂತೆ ಬಿಡಿಸುತ್ತ ಹೋದರೆ ತುದಿಯಲ್ಲಿ ನೀಲಿಯೇರಿದ ಗ್ರಂಥಿ. ತಡ ಮಾಡಿದರೆ ಬಣ್ಣ ಮುಂದಿನ ಗ್ರಂಥಿಗೂ ದಾಟುತ್ತದೆ. ಅವಸರಪಟ್ಟರೆ ನಾಳ ಹರಿದು ಜಾಗವೆಲ್ಲ ನೀಲಿಯಾಗಿ ದಾರಿ ತಪ್ಪುತ್ತದೆ.

ಈ ಕೆಲಸದ ಇನ್ನೊಂದು ಅರ್ಧ ಅಲಿಸ್ಟೇರ್ ಕಾಕ್ರನ್ ಎಂಬ ರೋಗಶಾಸ್ತ್ರಜ್ಞರದು. ಮೂವತ್ತು ಗ್ರಂಥಿ ಬಂದರೆ ಪ್ರಯೋಗಾಲಯದಲ್ಲಿ ಒಂದೊಂದರಿಂದ ಒಂದೆರಡು ತೆಳು ಹೋಳು ನೋಡುವುದಕ್ಕಷ್ಟೇ ಪುರಸೊತ್ತು. ಒಂದೇ ಗ್ರಂಥಿ ಬಂದರೆ ಅದನ್ನು ಪದರ ಪದರವಾಗಿ ಕೊಯ್ದು, ಮೆಲನೋಮದ ಜೀವಕೋಶ ಮಾತ್ರ ಎದ್ದು ಕಾಣುವಂತೆ ವಿಶೇಷ ಬಣ್ಣ ಹಾಕಿ, ಒಂದೆರಡು ಕೋಶ ಅಡಗಿದ್ದರೂ ಹಿಡಿಯಬಹುದು. ಸರ್ಜನ್ನರ ಹೆಸರೇ ಮೆರೆದ ಈ ಕಥೆಯಲ್ಲಿ ಕಾಕ್ರನ್ ಹೆಸರು ಹೆಚ್ಚಾಗಿ ಕೇಳುವುದಿಲ್ಲ. ಅವರ ಹೋಳುಗಳಿಲ್ಲದಿದ್ದರೆ ನೀಲಿ ಗ್ರಂಥಿ ಬರೀ ನೀಲಿಯಾಗಿಯೇ ಉಳಿಯುತ್ತಿತ್ತು.

1990ರಲ್ಲಿ ಮಾರ್ಟನ್ ಇದನ್ನು ಸಮ್ಮೇಳನದಲ್ಲಿ ಹೇಳಿದಾಗ ಸಭಿಕರು ನಂಬಲಿಲ್ಲ. ಲೇಖನವನ್ನು ಕೆಲವು ಪತ್ರಿಕೆಗಳು ಹಿಂದಕ್ಕೆ ಕಳಿಸಿದವು. 1992ರಲ್ಲಿ ಅದು ಅಚ್ಚಾಯಿತು. 223 ರೋಗಿಗಳ 237 ಗ್ರಂಥಿ ಗುಂಪುಗಳಲ್ಲಿ 194ರಲ್ಲಿ ಮೊದಲ ಗ್ರಂಥಿ ಸಿಕ್ಕಿತ್ತು. ಅವುಗಳಲ್ಲಿ 40ರಲ್ಲಿ ಕ್ಯಾನ್ಸರ್. ಪರೀಕ್ಷೆಯ ಪರೀಕ್ಷೆಗಾಗಿ ಎಲ್ಲರ ಉಳಿದ ಗ್ರಂಥಿಗಳನ್ನೂ ತೆಗೆದು ನೋಡಿದ್ದರು, ಒಟ್ಟು 3,079. ಮೊದಲ ಗ್ರಂಥಿ ಶುದ್ಧವಿದ್ದು ಹಿಂದಿನದರಲ್ಲಿ ರೋಗವಿದ್ದದ್ದು ಎರಡೇ ಎರಡು.

ಸ್ತನಕ್ಕೆ ಇದನ್ನು ತಂದವರು ಇಬ್ಬರು, ಎರಡು ತುದಿಗಳಿಂದ. ಮಾರ್ಟನ್ ಅವರ ಸಂಸ್ಥೆಯಲ್ಲೇ ಇದ್ದ ಆರ್ಮಾಂಡೊ ಜೂಲಿಯಾನೊ ನೀಲಿ ಬಣ್ಣ ಹಿಡಿದರು. ವರ್ಮಾಂಟಿನ ಡೇವಿಡ್ ಕ್ರಾಗ್ ಟೆಕ್ನೀಷಿಯಂ ಎಂಬ ವಿಕಿರಣ ವಸ್ತು ಚುಚ್ಚಿ, ಪೆನ್ನಿಗಿಂತ ತುಸು ದಪ್ಪದ ಶೋಧಕವನ್ನು ಚರ್ಮದ ಮೇಲೆ ಆಡಿಸುತ್ತ ಅದರ ಸದ್ದು ಏರುವ ಜಾಗ ಹುಡುಕಿದರು. 1993ರಲ್ಲಿ ಕ್ರಾಗ್ 22 ಮಹಿಳೆಯರಲ್ಲಿ 18 ಮಂದಿಗೆ ಗ್ರಂಥಿ ಸಿಕ್ಕಿತೆಂದು ಬರೆದರು. ಮರುವರ್ಷ ಜೂಲಿಯಾನೊ 174 ಆಪರೇಷನ್‌ಗಳ ಲೆಕ್ಕ ಕೊಟ್ಟರು. ಗ್ರಂಥಿ ಸಿಕ್ಕಿದ್ದು 114ರಲ್ಲಿ, ಅಂದರೆ ಮೂರರಲ್ಲಿ ಎರಡು. ಸಿಕ್ಕಾಗ 109 ಸಲ ಅದು ಕಂಕುಳಿನ ಸ್ಥಿತಿಯನ್ನು ಸರಿಯಾಗಿ ಹೇಳಿತ್ತು. ಮೂರನೆಯ ಒಂದು ಭಾಗ ಸೋತದ್ದನ್ನು ಹಾಗೆಯೇ ಅಚ್ಚು ಹಾಕಿದ್ದು ನನಗೆ ಇಷ್ಟವಾದ ಸಂಗತಿ. ಇದು ಕೈ ಪಳಗಿದಂತೆ ಬರುವ ವಿದ್ಯೆ ಎಂದು ಓದಿದವರಿಗೆ ಮೊದಲೇ ಗೊತ್ತಾಯಿತು.

ಬಣ್ಣ ಮತ್ತು ವಿಕಿರಣ ಎರಡನ್ನೂ ಕೂಡಿಸಿ ಬಳಸುವುದು ಬೇಗ ರೂಢಿಯಾಯಿತು. ಟೆಕ್ನೀಷಿಯಂ ಆರು ಗಂಟೆಗೆ ಅರ್ಧವಾಗುವುದರಿಂದ ಚುಚ್ಚಿದ ದಿನವೇ, ಇಲ್ಲವೆಂದರೆ ಮರುದಿನ ಆಪರೇಷನ್. ನೀಲಿಯದು ತನ್ನದೇ ಚೇಷ್ಟೆ. ರಕ್ತದಲ್ಲಿ ಬೆರೆತಾಗ ಬೆರಳಿಗೆ ಹಾಕಿದ ಕ್ಲಿಪ್ಪು ಆಮ್ಲಜನಕ ಇಳಿದಂತೆ ಸುಳ್ಳು ತೋರಿಸಿ ಅರಿವಳಿಕೆ ತಜ್ಞರನ್ನು ಬೆಚ್ಚಿಬೀಳಿಸುತ್ತದೆ. ಮರುದಿನ ರೋಗಿಯ ಮೂತ್ರ ಹಸಿರಾಗಿರುತ್ತದೆ. ಮೊದಲೇ ಹೇಳಿರದಿದ್ದರೆ ಗಾಬರಿ ಖಂಡಿತ.

ಈಗ ಬಂದದ್ದು ದೊಡ್ಡ ಅಧ್ಯಯನಗಳ ಕಾಲ. ಮಿಲಾನಿನಲ್ಲಿ ಅದೇ ವೆರೊನೇಸಿ 516 ಮಹಿಳೆಯರನ್ನು ಎರಡು ಗುಂಪು ಮಾಡಿ, ಒಂದರಲ್ಲಿ ಮೊದಲ ಗ್ರಂಥಿ ಶುದ್ಧವಿದ್ದರೆ ಕಂಕುಳನ್ನು ಹಾಗೆಯೇ ಬಿಟ್ಟರು. 2003ರಲ್ಲಿ ಬಂದ ವರದಿಯ ಪ್ರಕಾರ, ಹಾಗೆ ಬಿಟ್ಟ 167 ಮಂದಿಯಲ್ಲಿ ಒಬ್ಬರಿಗೂ ಆವರೆಗೆ ಕಂಕುಳಿನಲ್ಲಿ ರೋಗ ಎದ್ದಿರಲಿಲ್ಲ. ಬ್ರಿಟನ್ನಿನ ಅಧ್ಯಯನ 2006ರಲ್ಲಿ ತೋಳಿನ ಲೆಕ್ಕ ಕೊಟ್ಟಿತು. ಒಂದು ವರ್ಷದ ನಂತರ ತೋಳು ಬಾತಿದೆ ಎಂದವರು ಹಳೆ ಪದ್ಧತಿಯಲ್ಲಿ 13 ಶೇಕಡ, ಹೊಸದರಲ್ಲಿ 5. ಫಿಶರ್ ಕಟ್ಟಿದ ಸಂಘಟನೆಯೇ 5,611 ಮಹಿಳೆಯರ ಮೇಲೆ ನಡೆಸಿದ, ಕ್ರಾಗ್ ಮುಂದಾಳಾಗಿದ್ದ ಅಧ್ಯಯನ 2010ರಲ್ಲಿ ಬದುಕುಳಿಯುವುದರಲ್ಲಿ ಅಂತರವಿಲ್ಲ ಎಂದು ಮುದ್ರೆ ಒತ್ತಿತು.

ಕಥೆ ಇಲ್ಲಿಗೇ ನಿಂತಿದ್ದರೆ ಇದೊಂದು ಜಾಣ ತಂತ್ರದ ಕಥೆಯಾಗುತ್ತಿತ್ತು. ಜೂಲಿಯಾನೊ ಇನ್ನೊಂದು ಹೆಜ್ಜೆ ಮುಂದಿಟ್ಟರು. ಮೊದಲ ಗ್ರಂಥಿಯಲ್ಲಿ ಕ್ಯಾನ್ಸರ್ ಇದ್ದರೂ ಉಳಿದವನ್ನು ತೆಗೆಯಲೇಬೇಕೆ? 1999ರಲ್ಲಿ ಶುರುವಾದ ಆ ಅಧ್ಯಯನಕ್ಕೆ 1,900 ಮಹಿಳೆಯರು ಬೇಕಿತ್ತು. ಒಂದೆರಡು ಗ್ರಂಥಿಯಲ್ಲಿ ರೋಗವಿದ್ದು, ಗಡ್ಡೆಯನ್ನಷ್ಟೇ ತೆಗೆಸಿಕೊಂಡು, ಸ್ತನಕ್ಕೆ ವಿಕಿರಣ ಪಡೆಯುವವರು. ಕ್ಯಾನ್ಸರ್ ಇದೆಯೆಂದು ಗೊತ್ತಿದ್ದೂ ಬಿಟ್ಟುಬಿಡಿ ಎನ್ನಲು ಸರ್ಜನ್ನರಿಗೂ ಧೈರ್ಯ ಸಾಲದು, ರೋಗಿಗಳಿಗೂ ಸಾಲದು. 891 ಮಂದಿ ಸೇರುವಷ್ಟರಲ್ಲಿ 2004ರಲ್ಲಿ ಸೇರ್ಪಡೆ ನಿಲ್ಲಿಸಿದರು. 2011ರಲ್ಲಿ ಫಲಿತಾಂಶ ಬಂತು. ಐದು ವರ್ಷದ ನಂತರ ಬದುಕಿದ್ದವರು, ಎಲ್ಲ ಗ್ರಂಥಿ ತೆಗೆದವರಲ್ಲಿ 91.8 ಶೇಕಡ, ಬಿಟ್ಟವರಲ್ಲಿ 92.5. ತೆಗೆದವರಲ್ಲಿ 27 ಶೇಕಡ ಮಂದಿಗೆ ಉಳಿದ ಗ್ರಂಥಿಗಳಲ್ಲೂ ಕ್ಯಾನ್ಸರ್ ಇತ್ತು. ಬಿಟ್ಟವರಲ್ಲೂ ಹಾಗೆಯೇ ಇದ್ದಿರಬೇಕು. ಆದರೂ ಕಂಕುಳಿನಲ್ಲಿ ರೋಗ ಮರುಕಳಿಸಿದ್ದು ನೂರಕ್ಕೆ ಒಬ್ಬರಿಗಿಂತಲೂ ಕಡಿಮೆ. ಫಿಶರ್ ಅವರ ಅಧ್ಯಯನದಲ್ಲಿ ಕಂಡ ಲೆಕ್ಕದ ಇನ್ನೊಂದು ರೂಪವಿದು. ಔಷಧಿ ಮತ್ತು ವಿಕಿರಣದ ಬಲ ಸೇರಿದ್ದರಿಂದ ಅಂಕಿ ಇನ್ನೂ ಚಿಕ್ಕದಾಗಿದೆ.

ಟೀಕೆ ಬರದಿರಲಿಲ್ಲ. ಅರ್ಧಕ್ಕೆ ನಿಂತ ಅಧ್ಯಯನ ಎಂದರು. ಸ್ತನಕ್ಕೆ ಕೊಟ್ಟ ವಿಕಿರಣ ಕಂಕುಳಿನ ಕೆಳಭಾಗಕ್ಕೂ ತಾಗುತ್ತದಲ್ಲ ಎಂದರು. ಎರಡೂ ನ್ಯಾಯವಾದ ಮಾತೇ. ಆದರೂ ಚಿಕಿತ್ಸಾ ಕ್ರಮ ಬೇಗ ಬದಲಾಯಿತು. ಹತ್ತು ವರ್ಷದ ಲೆಕ್ಕ 2017ರಲ್ಲಿ ಬಂದಾಗಲೂ ಗ್ರಂಥಿ ಬಿಟ್ಟವರು ಹಿಂದೆ ಬಿದ್ದಿರಲಿಲ್ಲ.

ಮೆಲನೋಮದಲ್ಲಿ ಮಾರ್ಟನ್ ಆಸೆ ಬೇರೆಯಿತ್ತು. ರೋಗವನ್ನು ಮೊದಲ ಗ್ರಂಥಿಯಲ್ಲೇ ಹಿಡಿದು ತೆಗೆದರೆ ಜೀವ ಉಳಿಯುತ್ತದೆ ಎಂದು ಅವರು ನಂಬಿದ್ದರು. 1994ರಲ್ಲಿ ಆರಂಭಿಸಿ ಎರಡು ಸಾವಿರ ರೋಗಿಗಳನ್ನು ಸೇರಿಸಿಕೊಂಡ ಅವರ ಅಧ್ಯಯನದ ಕೊನೆಯ ವರದಿ 2014ರ ಫೆಬ್ರವರಿಯಲ್ಲಿ ಅಚ್ಚಾಯಿತು. ಒಂದು ತಿಂಗಳ ಹಿಂದೆ ಅವರು ತೀರಿಕೊಂಡಿದ್ದರು. ಗ್ರಂಥಿ ಪರೀಕ್ಷೆ ರೋಗದ ಮುಂದಿನ ದಾರಿಯನ್ನು ಚೆನ್ನಾಗಿ ತಿಳಿಸುತ್ತದೆ, ರೋಗ ಮರುಕಳಿಸುವುದೂ ಕಡಿಮೆ. ಆದರೆ ಎಲ್ಲ ರೋಗಿಗಳನ್ನೂ ಒಟ್ಟಾಗಿ ನೋಡಿದರೆ ಮೆಲನೋಮದಿಂದ ಸಾಯುವವರ ಸಂಖ್ಯೆ ಇಳಿದಿರಲಿಲ್ಲ. ಮಾರ್ಕ್ ಫೇರಿಸ್ ಮುಂದುವರಿಸಿದ ಎರಡನೆಯ ಅಧ್ಯಯನ 2017ರಲ್ಲಿ, ಮೊದಲ ಗ್ರಂಥಿಯಲ್ಲಿ ರೋಗವಿದ್ದವರ ಉಳಿದ ಗ್ರಂಥಿಗಳನ್ನು ತೆಗೆದರೂ, ಅಲ್ಟ್ರಾಸೌಂಡಿನಲ್ಲಿ ಕಾಯುತ್ತ ಕುಳಿತರೂ ಮೂರು ವರ್ಷದ ಬದುಕು 86 ಶೇಕಡವೇ ಎಂದಿತು. ಊತ ಮಾತ್ರ 24.1 ಶೇಕಡ ಮತ್ತು 6.3. ಯಾರಿಗೆ ಆ ದೊಡ್ಡ ಆಪರೇಷನ್ ಬೇಕೆಂದು ತಿಳಿಯಲು ಹುಟ್ಟಿದ ಪರೀಕ್ಷೆ, ಆ ಆಪರೇಷನ್ನೇ ಬಹುತೇಕ ಯಾರಿಗೂ ಬೇಕಿಲ್ಲ ಎಂದು ತೋರಿಸಿಕೊಟ್ಟಿತ್ತು. 

ಈಗ ಸರದಿ ಪರೀಕ್ಷೆಯದೇ. 2023ರಲ್ಲಿ ಮಿಲಾನಿನವರು, ಎರಡು ಸೆಂಟಿಮೀಟರಿನೊಳಗಿನ ಸ್ತನದ ಗಡ್ಡೆ ಇದ್ದು ಅಲ್ಟ್ರಾಸೌಂಡಿನಲ್ಲಿ ಕಂಕುಳು ಶುದ್ಧವೆನಿಸಿದ 1,405 ಮಹಿಳೆಯರ ಲೆಕ್ಕ ಕೊಟ್ಟರು. ಒಂದು ಗುಂಪಿನಲ್ಲಿ ಮೊದಲ ಗ್ರಂಥಿ ತೆಗೆದರು, ಇನ್ನೊಂದರಲ್ಲಿ ಏನನ್ನೂ ತೆಗೆಯಲಿಲ್ಲ. ಐದು ವರ್ಷ ದೂರದ ಅಂಗಗಳಿಗೆ ರೋಗ ಹರಡದೆ ಬದುಕಿದವರು 97.7 ಶೇಕಡ, 98.0 ಶೇಕಡ. 2024ರಲ್ಲಿ ಜರ್ಮನಿ-ಆಸ್ಟ್ರಿಯಾದ ದೊಡ್ಡ ಅಧ್ಯಯನವೂ ಅದೇ ದಿಕ್ಕಿಗೆ ಬೆರಳು ತೋರಿಸಿತು.

ನಮ್ಮಲ್ಲಿ ಈ ಇತಿಹಾಸ ಬೇರೆ ವೇಗದಲ್ಲಿ ನಡೆದಿದೆ. ಭಾರತೀಯರಲ್ಲಿ ಮೆಲನೋಮ ಅಪರೂಪ, ಬಂದರೆ ಹೆಚ್ಚಾಗಿ ಅಂಗಾಲಿನಲ್ಲಿ. ಸ್ತನ ಕ್ಯಾನ್ಸರಿನಲ್ಲಿ ವಿಕಿರಣ ವಸ್ತು, ಶೋಧಕ, ಆಮದು ಬಣ್ಣ ಎಲ್ಲ ಆಸ್ಪತ್ರೆಗೂ ಎಟುಕುವುದಿಲ್ಲ. ಹಾಗಾಗಿ ಅಗ್ಗದ ಮೆಥಿಲೀನ್ ಬ್ಲೂ ಇಲ್ಲಿ ಬಹಳ ಕಡೆ ಆ ಜಾಗ ತುಂಬಿತು. ಅದನ್ನು ಚರ್ಮದೊಳಗೆ ಚುಚ್ಚಿದರೆ ಚರ್ಮ ಕೊಳೆಯಬಹುದು, ಆಳಕ್ಕೆ ಚುಚ್ಚಬೇಕು. ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆ ಬಣ್ಣವನ್ನಾಗಲಿ ವಿಕಿರಣವನ್ನಾಗಲಿ ನೆಚ್ಚದೆ, ಕಂಕುಳಿನಲ್ಲಿ ಅಡ್ಡ ಹಾಯುವ ಒಂದು ನರದ ಕೆಳಗಿನ ಕೊಬ್ಬು ಮತ್ತು ಗ್ರಂಥಿಗಳನ್ನಷ್ಟೇ ತೆಗೆಯುವ ಪದ್ಧತಿಯನ್ನು ಸೆಂಟಿನೆಲ್ ಪರೀಕ್ಷೆಯ ಪಕ್ಕದಲ್ಲಿಟ್ಟು ಹೋಲಿಸಿತು. 2013ರಲ್ಲಿ ಪ್ರಕಟವಾದ ಆ ಕೆಲಸದಲ್ಲಿ ಎರಡೂ ಸರಿಸಮ ನಿಂತವು. ಸಾಧನವಿಲ್ಲದ ಜಿಲ್ಲಾ ಕೇಂದ್ರದ ಸರ್ಜನ್ನಿಗೆ ಮಿಲಾನಿನ ಅಂಕಿಗಳಿಗಿಂತ ಇದು ಹೆಚ್ಚು ಉಪಯೋಗದ ಸುದ್ದಿ ಎಂದು ನನ್ನ ಅಭಿಪ್ರಾಯ.

ಇಲ್ಲಿನ ದೊಡ್ಡ ತೊಡಕು ಇನ್ನೊಂದು. ಬಹಳ ಮಂದಿ ಆಸ್ಪತ್ರೆಗೆ ಬರುವ ವೇಳೆಗೆ ಕಂಕುಳಿನ ಗಂಟು ಕೈಗೇ ಸಿಗುತ್ತಿರುತ್ತದೆ. ಅವರಿಗೆ ಮೊದಲು ಕೀಮೊ, ಆಮೇಲೆ ಆಪರೇಷನ್. ಕೀಮೊದಿಂದ ಗ್ರಂಥಿ ಕರಗಿದರೆ ಆಗ ಸೆಂಟಿನೆಲ್ ಗ್ರಂಥಿಯನ್ನು ನಂಬಬಹುದೆ? 2013ರ ಅಮೆರಿಕದ ಅಧ್ಯಯನವೊಂದರಲ್ಲಿ, ಎರಡು ಅಥವಾ ಹೆಚ್ಚು ಸೆಂಟಿನೆಲ್ ಗ್ರಂಥಿ ತೆಗೆದು ನೋಡಿದಾಗ, ರೋಗ ಉಳಿದಿದ್ದವರಲ್ಲಿ 12.6 ಶೇಕಡ ಮಂದಿಯದು ಕಣ್ಣುತಪ್ಪಿತ್ತು. ಮೂರು ಅಥವಾ ಹೆಚ್ಚು ಸಿಕ್ಕಾಗ ಅದು ಹತ್ತಕ್ಕಿಂತ ಕೆಳಗಿಳಿಯಿತು. ಈಗ ಕೀಮೊಗೆ ಮೊದಲೇ ರೋಗವಿರುವ ಗ್ರಂಥಿಗೆ ಚಿಕ್ಕ ಲೋಹದ ಕ್ಲಿಪ್ ಹಾಕಿ ಗುರುತಿಡುತ್ತಾರೆ. ಆರು ತಿಂಗಳ ಕೀಮೊ ಮುಗಿದ ಮೇಲೆ ನೀಲಿಯಾದ ಗ್ರಂಥಿಗಳ ಜೊತೆ ಆ ಕ್ಲಿಪ್ಪಿನ ಗ್ರಂಥಿಯನ್ನೂ ಹುಡುಕಿ ತೆಗೆಯುತ್ತಾರೆ. ಅದು ಸಿಗದೇ ಹೋದ ದಿನ ಸರ್ಜನ್ ಹಳೆಯ ದಾರಿಯನ್ನೇ ಹಿಡಿದು ಕಂಕುಳನ್ನು ಪೂರ್ತಿ ತೆರೆಯುವುದೂ ಉಂಟು.